ಕಿಲೋಮೀಟರ್ ಬಿಡಿ, ಮಳೆಗಾಲ ಎಣಿಸಿ

ಟೈರ್ ಅಂಗಡಿಗೆ ಹೋದವರು ಮೊದಲು ಕೇಳುವುದು ‘ಎಷ್ಟಾಗ್ತದೆ?’ ಅಂತ. ಆಮೇಲೆ ‘ಎಷ್ಟು ಕಿಲೋಮೀಟರ್ ಬರ್ತದೆ?’ ಅಂತ. ಬೆಲೆಯನ್ನು ಕಿಲೋಮೀಟರಿನಿಂದ ಭಾಗಿಸಿ, ಕಡಿಮೆ ಬಂದದ್ದನ್ನು ಹಾಕಿಸಿಕೊಂಡು ಬರುತ್ತಾರೆ. ಧರ್ಮಸ್ಥಳ–ಸುಬ್ರಹ್ಮಣ್ಯ ಅಂತ ದಿನವಿಡೀ ಬಾಡಿಗೆ ಓಡಿಸುವ ಇನ್ನೋವಾದವರಿಗೆ ಈ ಲೆಕ್ಕ ಸರಿಯೇ. ಆದರೆ ಕೊಕ್ಕಡದಲ್ಲಿ ರಬ್ಬರ್ ತೋಟ ನೋಡಿಕೊಂಡು, ಬೇಕಾದಾಗ ಪುತ್ತೂರು, ಅಪರೂಪಕ್ಕೆ ಮಂಗಳೂರು, ಮದುವೆ–ಮುಂಜಿಗೆ ಶಿರಾಡಿ ಹತ್ತುವ ನನ್ನಂಥವನ ಕಾರಿಗೆ ಇದು ಪೂರ್ತಿ ತಪ್ಪು ಲೆಕ್ಕ.

ನನ್ನ ಪಾಲಿನ ಸ್ಪೋರ್ಟ್ಸ್ ಕಾರು 2017ರ ಪೋಲೊ ಜಿಟಿ ಟಿಎಸ್‌ಐ, ಸೆಕೆಂಡ್ ಹ್ಯಾಂಡ್. ಸ್ಪೋರ್ಟ್ಸ್ ಕಾರು ಅಂದರೆ ಪೋರ್ಷೆ ಎಂದುಕೊಂಡವರಿಗೆ ನಗು ಬರಬಹುದು. ನಗಲಿ. 1.2 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 105 ಅಶ್ವಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್, ಅಷ್ಟನ್ನೂ ಎಳೆಯುವುದು ಮುಂದಿನ ಎರಡೇ ಚಕ್ರ. ಪೆರಿಯಶಾಂತಿಯಲ್ಲಿ ಹೆದ್ದಾರಿ ಬಿಟ್ಟು ಕೊಕ್ಕಡದ ಕಡೆ ತಿರುಗಿದ ಮೇಲೆ ಸಿಗುವ ಏರು–ತಿರುವುಗಳಿಗೆ ಇದಕ್ಕಿಂತ ಹೆಚ್ಚು ಬೇಕೆಂದು ನನಗೆ ಯಾವತ್ತೂ ಅನ್ನಿಸಿಲ್ಲ. ಕಂಪನಿ ಕೊಟ್ಟ 16 ಇಂಚಿನ ಅಲಾಯ್ ವೀಲ್ ಹಾಗೇ ಉಂಟು. ಟೈರಿಗೆ ಮಾತ್ರ ವಯಸ್ಸಾಗಿದೆ.

ವಯಸ್ಸಾಗಿದೆ ಎಂದೆ, ಸವೆದಿದೆ ಎನ್ನಲಿಲ್ಲ. ಗಾಳಿಯ ಆಮ್ಲಜನಕ, ಓಝೋನ್, ಬಿಸಿಲು ಇವೆಲ್ಲ ಸೇರಿ ಟೈರಿನ ರಬ್ಬರನ್ನು ನಿಧಾನವಾಗಿ ಗಟ್ಟಿ ಮಾಡುತ್ತವೆ. ಗಟ್ಟಿಯಾದ ರಬ್ಬರು ಒಣ ರಸ್ತೆಯಲ್ಲಿ ಹೇಗೋ ನಡೆಸಿಕೊಂಡು ಹೋಗುತ್ತದೆ, ಒದ್ದೆ ರಸ್ತೆಯಲ್ಲಿ ಕೈಕೊಡುತ್ತದೆ. ನಮ್ಮದು ವರ್ಷಕ್ಕೆ ನಾಲ್ಕು ಸಾವಿರ ಮಿ.ಮೀ. ಆಸುಪಾಸು ಮಳೆ ಬೀಳುವ ಜಿಲ್ಲೆ. ಅದಕ್ಕಿಂತ ಅಪಾಯ ಮೇ ತಿಂಗಳ ಮೊದಲ ಮಳೆಯದ್ದು. ರಬ್ಬರ್ ತೋಟದ ತರಗೆಲೆ, ಬದಿಯಿಂದ ಇಳಿದ ಕೆಂಪು ಮಣ್ಣು, ಲಾರಿ ಸೋರಿಸಿದ ಡೀಸೆಲ್ ಎಲ್ಲ ಸೇರಿ ಡಾಂಬರಿನ ಮೇಲೆ ಒಂದು ಜಾರುಪದರ ಕೂತಿರುತ್ತದೆ. ಹೊಸ ಟೈರಿನ ಗೀರು ಸುಮಾರು 8 ಮಿ.ಮೀ. ಆಳ ಇರುತ್ತದೆ. ಕಾನೂನಿನ ಪ್ರಕಾರ 1.6 ಮಿ.ಮೀ. ತನಕ ಓಡಿಸಬಹುದು. ಆದರೆ 3 ಮಿ.ಮೀ. ಕೆಳಗೆ ಹೋದ ಟೈರು ನೀರನ್ನು ಸರಿಯಾಗಿ ಹೊರಹಾಕಲಾರದು. ಕಾನೂನು ದಿಲ್ಲಿಗೂ ಕೊಕ್ಕಡಕ್ಕೂ ಒಂದೇ, ಮಳೆ ಒಂದೇ ಅಲ್ಲ.

ಈಗ ಲೆಕ್ಕ. ಅಂಗಡಿಯಲ್ಲಿ ನನ್ನ ಮುಂದೆ ಬಂದದ್ದು ಎರಡು ಬಗೆ. ಒಂದು ‘ಬಾಳಿಕೆಯ ಟೈರ್’, ಒಂದಕ್ಕೆ 7,000, ಐವತ್ತು ಸಾವಿರ ಕಿಲೋಮೀಟರ್ ಗ್ಯಾರಂಟಿ ಬರ್ತದೆ ಎಂದರು. ಇನ್ನೊಂದು ಮೆತ್ತನೆ ರಬ್ಬರಿನ ಪರ್ಫಾರ್ಮೆನ್ಸ್ ಟೈರ್, ಒಂದಕ್ಕೆ 10,500, ಮೂವತ್ತೈದು ಸಾವಿರ ಬಂದರೆ ಪುಣ್ಯ. ಕಿಲೋಮೀಟರ್ ಲೆಕ್ಕದಲ್ಲಿ ನಾಲ್ಕು ಟೈರಿಗೆ ಮೊದಲನೆಯದು 56 ಪೈಸೆ, ಎರಡನೆಯದು 1 ರೂಪಾಯಿ 20 ಪೈಸೆ. ಎರಡು ಪಟ್ಟಿಗಿಂತಲೂ ಹೆಚ್ಚು! ಯಾರಾದರೂ ಮೊದಲನೆಯದಕ್ಕೇ ಕೈ ಹಾಕಬೇಕು.

ಆದರೆ ನನ್ನ ಕಾರು ಓಡುವುದು ವರ್ಷಕ್ಕೆ ಆರು ಸಾವಿರ. ಐವತ್ತು ಸಾವಿರ ಮುಗಿಯಬೇಕಾದರೆ ಎಂಟು ವರ್ಷ ದಾಟಬೇಕು. ಐದು ವರ್ಷವಾದ ಟೈರನ್ನು ಪ್ರತಿವರ್ಷ ಪರೀಕ್ಷೆ ಮಾಡಿಸಿ, ಹತ್ತಾದರೆ ಹೇಗಿದ್ದರೂ ತೆಗೆಯಿರಿ ಎನ್ನುವುದು ಮಿಷೆಲಿನ್‌ನಂಥ ಕಂಪನಿಗಳ ಸಲಹೆ. ನಮ್ಮ ಮಳೆಗೆ ನಾನು ಇಟ್ಟುಕೊಂಡ ಗಡಿ ಆರು ಮಳೆಗಾಲ. ಆರು ಮಳೆಗಾಲಕ್ಕೆ ನನ್ನ ಓಟ ಮೂವತ್ತಾರು ಸಾವಿರ. ಅಂದರೆ ಬಾಳಿಕೆಯ ಟೈರಿನಲ್ಲಿ ನಾನು ದುಡ್ಡು ಕೊಟ್ಟ ಹದಿನಾಲ್ಕು ಸಾವಿರ ಕಿಲೋಮೀಟರನ್ನು ಓಡಿಸದೆಯೇ ಗುಜರಿಗೆ ಹಾಕುತ್ತೇನೆ. ಮೆತ್ತನೆ ಟೈರು ಸವೆಯುವುದಕ್ಕೂ ಅದರ ಪ್ರಾಯ ಮುಗಿಯುವುದಕ್ಕೂ ಸರಿಹೋಗುತ್ತದೆ. ಬೇಗ ಸವೆಯುತ್ತದೆ ಎಂಬ ಅದರ ದೊಡ್ಡ ದೋಷ ಕಡಿಮೆ ಓಡುವವನಿಗೆ ದೋಷವೇ ಅಲ್ಲ. ಒಂದು ಮಳೆಗಾಲಕ್ಕೆ ಭಾಗಿಸಿದರೆ 4,667 ಮತ್ತು 7,000. ವ್ಯತ್ಯಾಸ ವರ್ಷಕ್ಕೆ 2,333 ರೂಪಾಯಿ, ಅಂದರೆ ಕಿಲೋಗೆ ಇನ್ನೂರರ ಲೆಕ್ಕದಲ್ಲಿ ಹನ್ನೆರಡು ಕಿಲೋ ರಬ್ಬರ್ ಶೀಟು. ರಬ್ಬರ್ ಮರಕ್ಕೆ ಮಳೆಗಾಲದ ಮುಂಚೆ ಪ್ಲಾಸ್ಟಿಕ್ಕಿನ ರೈನ್‌ಗಾರ್ಡ್ ಕಟ್ಟುವಾಗ ಯಾರೂ ಕಿಲೋಮೀಟರ್ ಕೇಳುವುದಿಲ್ಲ, ಆ ಮಳೆಗಾಲ ಟ್ಯಾಪಿಂಗ್ ನಿಲ್ಲದಿದ್ದರೆ ಸಾಕು. ಇದೂ ಅಂಥದ್ದೇ ಖರ್ಚು.

ರಬ್ಬರಿನ ಮಾತು ಬಂತು. ‘ನಿಮ್ಮದೇ ರಬ್ಬರಲ್ವಾ ಮಾರಾಯ್ರೆ ಇದ್ರಲ್ಲಿ ಇರುದು, ಚೌಕಾಶಿ ಎಂತಕ್ಕೆ?’ ಎಂದು ಅಂಗಡಿಯವರು ತಮಾಷೆ ಮಾಡಿದರು. ಅಷ್ಟಾಗಿ ಇಲ್ಲ. ಸ್ವಾಭಾವಿಕ ರಬ್ಬರಿನ ಪಾಲು ಹೆಚ್ಚಿರುವುದು ಲಾರಿ ಟೈರಿನಲ್ಲಿ. ಕಾರಿನ ಪರ್ಫಾರ್ಮೆನ್ಸ್ ಟೈರಿನ ಮೇಲ್ಮೈಯಲ್ಲಿ ಕೃತಕ ರಬ್ಬರು ಮತ್ತು ಸಿಲಿಕಾದ್ದೇ ದರ್ಬಾರು. 1990ರ ದಶಕದ ಆರಂಭದಲ್ಲಿ ಮಿಷೆಲಿನ್ ಕಾರಿನ ಟೈರಿಗೆ ಸಿಲಿಕಾ ತಂದ ಮೇಲೆಯೇ ಒದ್ದೆ ರಸ್ತೆಯ ಹಿಡಿತವೂ ಇಂಧನದ ಉಳಿತಾಯವೂ ಒಂದೇ ಟೈರಿನಲ್ಲಿ ಕೂಡಿ ಬಂದದ್ದು. ಇನ್ನು ಬೆಲೆ. ಶೀಟಿನ ದರ 2011ರ ಏಪ್ರಿಲ್‌ನಲ್ಲಿ 240ರ ಆಸುಪಾಸು ಹೋಗಿ, 2016ರ ಆರಂಭಕ್ಕೆ ನೂರರ ಒಳಗೆ ಬಿದ್ದು, 2024ರ ಆಗಸ್ಟ್‌ನಲ್ಲಿ ಮತ್ತೆ ಹಳೆ ದಾಖಲೆ ಮುರಿಯಿತು. ನೂರಕ್ಕೆ ಇಳಿದಾಗ ಟೈರಿನ ಬೆಲೆ ಅರ್ಧ ಆದದ್ದನ್ನು ನಾನಂತೂ ಕಂಡಿಲ್ಲ. ಬದಲಿ ಟೈರುಗಳ ಬೆಲೆಯ ವಿಚಾರದಲ್ಲಿ ಸ್ಪರ್ಧಾ ಆಯೋಗ 2018ರಲ್ಲಿ ಐದು ಕಂಪನಿಗಳಿಗೆ ಒಟ್ಟು 1,788 ಕೋಟಿ ರೂಪಾಯಿ ದಂಡ ಹಾಕಿತ್ತು. ಅದು ಹೊರಗೆ ಗೊತ್ತಾದದ್ದು 2022ರ ಫೆಬ್ರವರಿಯಲ್ಲಿ. ಅದೇ ವರ್ಷ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಮರುಪರಿಶೀಲನೆಗೆಂದು ಕಡತವನ್ನು ಆಯೋಗಕ್ಕೇ ವಾಪಸು ಕಳಿಸಿತು. ಶೀಟು ಮಾರುವವನೂ ಟೈರು ಕೊಳ್ಳುವವನೂ ಒಬ್ಬನೇ ಆದವನಿಗೆ ಇಂಥ ಸುದ್ದಿಯಲ್ಲಿ ಸ್ವಲ್ಪ ಹೆಚ್ಚೇ ಆಸಕ್ತಿ.

ಒಂದು ಒಳ್ಳೆಯ ಸುದ್ದಿಯೂ ಉಂಟು. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ತೆರಿಗೆಗೆ ಮುಂಚೆ ಹತ್ತು ಸಾವಿರದ ಟೈರು ಮೊದಲು 12,800 ಆಗುತ್ತಿತ್ತು, ಈಗ 11,800. ನಾಲ್ಕಕ್ಕೆ ನಾಲ್ಕು ಸಾವಿರ ಉಳಿಯಿತು. ಬಿಲ್ ಬೇಡ ಎಂದರೆ ಇನ್ನೂ ಕಡಿಮೆ ಮಾಡುವ ಎನ್ನುವವರಿದ್ದಾರೆ, ಆ ಆಸೆಗೆ ಬೀಳಬಾರದು. ಬಿಲ್ ಇಲ್ಲದ ಟೈರಿಗೆ ವಾರಂಟಿ ಇಲ್ಲ.

ಅಲಾಯ್ ವೀಲಿನ ವಿಷಯ. 16 ಇಂಚಿನದ್ದನ್ನು ಎಕ್ಸ್‌ಚೇಂಜಿಗೆ ಕೊಟ್ಟು 17 ಇಂಚಿನದ್ದು ಹಾಕಿಸಿ, ಲುಕ್ಕೇ ಬೇರೆ ಬರ್ತದೆ ಎಂದು ಹುರಿದುಂಬಿಸುವವರು ಪ್ರತಿ ಅಂಗಡಿಯಲ್ಲೂ ಒಬ್ಬರಿರುತ್ತಾರೆ. ಬೇಡ. ವೀಲಿನ ಐದು ಬೋಲ್ಟುಗಳ ವೃತ್ತ 100 ಮಿ.ಮೀ., ನಡುವಿನ ತೂತು 57.1 ಮಿ.ಮೀ., ವೀಲು ಎಷ್ಟು ಒಳಗೆ–ಹೊರಗೆ ಕೂರಬೇಕೆಂಬ ಆಫ್‌ಸೆಟ್, ಎಲ್ಲವನ್ನೂ ಸಸ್ಪೆನ್ಶನ್ನಿನ ಜೊತೆ ಕೂಡಿಸಿ ಮಾಡಿದ್ದು ಕಂಪನಿಯ ವೀಲು. ಪೋಲೊ ತಯಾರಿಕೆ ಭಾರತದಲ್ಲಿ 2022ಕ್ಕೇ ನಿಂತಿದೆ. ಮುಂದೆ ಮಾರುವಾಗ ಕಂಪನಿ ವೀಲ್ ಇರುವ ಕಾರಿಗೆ ಇರುವ ಬೆಲೆ ಬೇರೆ. ಅಂಗಡಿಯವರಿಗೆ ಹೇಳಿ ನಾಲ್ಕೂ ವೀಲನ್ನು ಬ್ಯಾಲೆನ್ಸಿಂಗ್ ಮೆಷಿನ್ನಿನಲ್ಲಿ ಟೈರಿಲ್ಲದೆ ತಿರುಗಿಸಿ ನೋಡಿಸಿದೆ. ಎಡಗಡೆ ಮುಂದಿನದ್ದು ಒಳಅಂಚಿನಲ್ಲಿ ಒಂಚೂರು ಬಾಗಿತ್ತು. ಹೊಂಡದ ಕೃಪೆ. ಅದನ್ನು ತಟ್ಟಿ ನೇರ ಮಾಡಿಸಿದ ಖರ್ಚು ಹೊಸ ಅಲಾಯ್ ಸೆಟ್ಟಿನ ಮುಂದೆ ಏನೇನೂ ಅಲ್ಲ.

ಸೈಜೂ ಬದಲಿಸಬಾರದು. ನನ್ನದು 195/55 ಆರ್16. 195 ಎಂದರೆ ಅಗಲ, ಮಿ.ಮೀ.ನಲ್ಲಿ. 55 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 55. ಒಟ್ಟು ಟೈರಿನ ಎತ್ತರ 621 ಮಿ.ಮೀ. ಇದನ್ನು 205/55 ಮಾಡಿದರೆ 632 ಆಗುತ್ತದೆ, ಸ್ಪೀಡೋಮೀಟರ್ ತೋರಿಸುವುದಕ್ಕಿಂತ ಕಾರು ತುಸು ಹೆಚ್ಚು ಓಡುತ್ತಿರುತ್ತದೆ. ಅಗಲ ಹೆಚ್ಚಿದಷ್ಟೂ ನಿಂತ ನೀರಿನ ಮೇಲೆ ತೇಲುವ ಭಯವೂ ಹೆಚ್ಚು. ಸೈಜಿನ ಪಕ್ಕದಲ್ಲಿ 87ವಿ ಎಂದೋ 91ವಿ ಎಂದೋ ಇರುತ್ತದೆ. 87 ಎಂದರೆ ಒಂದು ಟೈರು 545 ಕಿಲೋ ಹೊರಬಲ್ಲದು, 91 ಎಂದರೆ 615. ವಿ ಎಂದರೆ ಗಂಟೆಗೆ 240 ಕಿ.ಮೀ. ವೇಗಕ್ಕೆ ತಡೆಯುತ್ತದೆ. ನಮ್ಮ ನಾಲ್ಕು ಪಥದ ಹೆದ್ದಾರಿಯಲ್ಲೂ ಕಾರಿಗೆ 100ರ ಮಿತಿ, 240 ಯಾಕೆ ಎಂದು ಕೇಳಬಹುದು. ಅಷ್ಟು ವೇಗಕ್ಕೆ ಕಟ್ಟಿದ ಟೈರು ಬಿಸಿಯನ್ನೂ ತಿರುವಿನ ಒತ್ತಡವನ್ನೂ ಚೆನ್ನಾಗಿ ತಾಳುತ್ತದೆ. ಅಲ್ಲದೆ ಕಾರಿನ ಕಂಪನಿ ಹೇಳಿದ್ದಕ್ಕಿಂತ ಕೆಳಗಿನ ರೇಟಿಂಗ್ ಹಾಕಿಸಿ, ನಾಳೆ ಇನ್ಶೂರೆನ್ಸ್‌ನವರಿಗೆ ಒಂದು ನೆಪ ಒದಗಿಸುವುದು ಬೇಡ.

ಪರ್ಫಾರ್ಮೆನ್ಸ್ ಎಂಬ ಮಾತಿಗೆ ಹುಡುಗರು ಇನ್ನೊಂದು ಅರ್ಥ ಕಟ್ಟಿಕೊಂಡಿದ್ದಾರೆ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಎಂಆರ್‌ಎಫ್ ಟೈರಿನಲ್ಲಿ ರ್ಯಾಲಿ ಚಾಲಕ ಗೌರವ್ ಗಿಲ್ ಸ್ಕೋಡಾ ಹಾರಿಸಿದ್ದನ್ನು ನೋಡಿ, ಅದೇ ಟೈರು ನಮಗೂ ಬೇಕು ಎನ್ನುತ್ತಾರೆ. ರ್ಯಾಲಿ ಟೈರು ಬೇರೆ ಜಾತಿಯದ್ದು, ನಮ್ಮ ರಸ್ತೆಗಲ್ಲ. ಟ್ರ್ಯಾಕಿಗೆಂದು ಮಾಡಿದ, ಗೀರು ಕಡಿಮೆ ಇರುವ ಟೈರು ನಮ್ಮ ಜುಲೈ ತಿಂಗಳಲ್ಲಿ ಬಾಳಿಕೆಯ ಟೈರಿಗಿಂತಲೂ ಕಡೆ. ನನಗೆ ಬೇಕಾದದ್ದು ಒದ್ದೆಯಲ್ಲಿ ಬೇಗ ನಿಲ್ಲುವ ಟೈರು. ಅನೇಕ ಟೈರುಗಳ ಪಕ್ಕದಲ್ಲಿ ‘ಟ್ರ್ಯಾಕ್ಷನ್’ ಎಂದು ಬರೆದು ಎಎ, ಎ, ಬಿ, ಸಿ ಎಂದು ದರ್ಜೆ ಕೊಟ್ಟಿರುತ್ತಾರೆ. ಅದು ಒದ್ದೆ ನೆಲದಲ್ಲಿ ನೇರ ಬ್ರೇಕ್ ಹಾಕಿದಾಗಿನ ಹಿಡಿತದ ದರ್ಜೆ. ‘ಟ್ರೆಡ್‌ವೇರ್’ ಎಂಬ ಸಂಖ್ಯೆ ಹೆಚ್ಚಿದ್ದಷ್ಟೂ ಬಾಳಿಕೆ, ಆದರೆ ಅದನ್ನು ಆಯಾ ಕಂಪನಿಯೇ ಕೊಟ್ಟುಕೊಳ್ಳುವುದರಿಂದ ಒಂದು ಬ್ರ್ಯಾಂಡಿನ 400ನ್ನು ಇನ್ನೊಂದರ 300ರ ಜೊತೆ ತೂಗಿ ಪ್ರಯೋಜನವಿಲ್ಲ. ಬ್ರ್ಯಾಂಡಿನ ಹೆಸರು ನಾನು ಬೇಕೆಂದೇ ಹೇಳುತ್ತಿಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ಹೊರಗಿನ ಟೈರು ಇಂದು ಉಂಟು, ನಾಳೆ ಇಲ್ಲ. ಅದನ್ನೇ ನಂಬಿ ಕೂತರೆ ಒಂದು ಟೈರು ಒಡೆದ ದಿನ ಅದರ ಜೋಡಿ ಸಿಗುವುದಿಲ್ಲ. ಶಾರ್ಜಾದಲ್ಲಿರುವ ಚಿಕ್ಕಮ್ಮನ ಮಗ, ‘ಅಣ್ಣ, ಇಲ್ಲಿ ಚೀಪ್ ಉಂಟು, ಕಳಿಸ್ಲಾ?’ ಎಂದ. ನಾಲ್ಕು ಟೈರು ವಿಮಾನ ಹತ್ತಿಸುವ ಖರ್ಚು ಕೇಳಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕಳೆದದ್ದು ತಾರೀಕು ಓದುವುದರಲ್ಲಿ. ಟೈರಿನ ಪಕ್ಕದಲ್ಲಿ ಡಾಟ್ ಎಂದು ಶುರುವಾಗುವ ಸಾಲಿನ ಕೊನೆಗೆ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕೆ ಇರುತ್ತದೆ, ಕೆಲವೊಮ್ಮೆ ಒಂದೇ ಬದಿಯಲ್ಲಿ. ಮೊದಲೆರಡು ವಾರ, ಕೊನೆಯೆರಡು ವರ್ಷ. ಒಂದು ಅಂಗಡಿಯಲ್ಲಿ ನೂರಕ್ಕೆ ಹದಿನೈದು ಕಡಿಮೆ ಮಾಡಿ ಕೊಡುತ್ತೇವೆ ಎಂದಾಗ ಸಂಶಯ ಬಂತು. ಅಟ್ಟದ ಕೆಳಗೆ ಬಗ್ಗಿ, ಮೊಬೈಲ್ ಟಾರ್ಚ್ ಹಿಡಿದು, ಧೂಳು ಒರೆಸಿ ನೋಡಿದರೆ 3423. 2023ರ ಆಗಸ್ಟ್ ಮಾಲು! ‘ಗೋಡೌನಲ್ಲಿದ್ರೆ ಎಂತ ಆಗುದಿಲ್ಲ’ ಎಂದರು. ನೆರಳಿನಲ್ಲಿ ಇಟ್ಟ ಟೈರು ಓಡುವ ಟೈರಿಗಿಂತ ನಿಧಾನ ಹಳತಾಗುತ್ತದೆ, ಅದು ನಿಜ. ಆದರೆ ಆರು ಮಳೆಗಾಲದ ಲೆಕ್ಕದವನಿಗೆ ಎರಡು ಆಗಲೇ ಕಳೆದಿತ್ತು, ಅಂದರೆ ನೂರಕ್ಕೆ ಮೂವತ್ತಾದರೂ ಇಳಿಸಬೇಕಿತ್ತು. ವರ್ಷದ ಒಳಗಿನದ್ದಾದರೆ ಕಣ್ಣುಮುಚ್ಚಿ ಕೊಳ್ಳಬಹುದು, ಎರಡು ವರ್ಷದ್ದಾದರೆ ಚೌಕಾಶಿ, ಅದರಾಚೆ ಕೈಮುಗಿದು ಬರುವುದು. ಬೇರೆ ಅಂಗಡಿಯಲ್ಲಿ ಕೊಂಡೆ. ನಾಲ್ಕೂ ಟೈರಿನ ವಾರ–ವರ್ಷವನ್ನು ಬಿಲ್ಲಿನ ಮೇಲೆ ಬರೆಸಿಕೊಂಡೆ.

‘ಸದ್ಯಕ್ಕೆ ಮುಂದಿನದ್ದು ಎರಡು ಹಾಕಿ, ಹಿಂದಿನದ್ದು ಮುಂದಿನ ವರ್ಷ ನೋಡುವ’ ಎಂಬ ಸಲಹೆಯೂ ಬಂದಿತ್ತು. ಎರಡೇ ಕೊಳ್ಳುವಷ್ಟು ದುಡ್ಡಿದ್ದರೆ ಹೊಸದು ಹಿಂದೆ ಹೋಗಬೇಕು ಎನ್ನುವುದು ಟೈರು ಕಂಪನಿಗಳದ್ದೇ ಶಿಫಾರಸು, ಮುಂದಿನ ಚಕ್ರ ಎಳೆಯುವ ಕಾರಾದರೂ. ಮುಂದಿನದ್ದು ಜಾರಿದರೆ ಸ್ಟೀರಿಂಗಿನಲ್ಲಿ ಗೊತ್ತಾಗುತ್ತದೆ, ಕಾಲು ತೆಗೆದರೆ ಹೆಚ್ಚಾಗಿ ಸರಿಹೋಗುತ್ತದೆ. ಹಿಂದಿನದ್ದು ಜಾರಿದರೆ ಕಾರೇ ತಿರುಗಿ ನಿಲ್ಲುತ್ತದೆ. ನಾನು ನಾಲ್ಕೂ ಒಟ್ಟಿಗೇ ಹಾಕಿಸಿದೆ, ಯಾಕೆಂದರೆ ನಾಲ್ಕಕ್ಕೂ ಒಂದೇ ವಯಸ್ಸು.

ಹಾಗೆ ನೋಡಿದರೆ ವಯಸ್ಸು ನಾಲ್ಕರದ್ದಲ್ಲ, ಐದರದ್ದು. ಡಿಕ್ಕಿಯ ಚಾಪೆ ಎತ್ತಿ ಸ್ಟೆಪ್ನಿ ನೋಡಿದೆ. ರಸ್ತೆಯನ್ನೇ ಮುಟ್ಟದ ಟೈರು, ಅಚ್ಚಿನ ಸಣ್ಣ ರಬ್ಬರ್ ಕೂದಲು ಕೂಡ ಉದುರಿಲ್ಲ, ಕಪ್ಪಗೆ ಹೊಳೆಯುತ್ತಿದೆ. ಅಂಕೆ ನೋಡಿದರೆ ಕಾರಿನ ಜೊತೆ ಹುಟ್ಟಿದ್ದು, 2017ರದ್ದು. ‘ಇದು ಹೊಸತೇ ಅಲ್ವಾ, ಇರ್ಲಿ ಬಿಡಿ’ ಎಂದ ಕೆಲಸದ ಹುಡುಗ. ಬದಲಿಸಲೇಬೇಕು, ಆದರೆ ಅದಕ್ಕೂ 10,500 ಸುರಿಯುವುದು ದಂಡ, ಸ್ಟೆಪ್ನಿಯಲ್ಲಿ ಯಾರೂ ಚಾರ್ಮಾಡಿಯ ತಿರುವು ಹಾರಿಸುವುದಿಲ್ಲ. ಅದೇ ಅಳತೆಯ, ಅಗ್ಗದ, ಇದೇ ವರ್ಷದ ತಾರೀಕಿನ ಬಾಳಿಕೆಯ ಟೈರು ಒಂದನ್ನು ಅದಕ್ಕೆ ಹಾಕಿಸಿ, ಗಾಳಿ ಸ್ವಲ್ಪ ಹೆಚ್ಚೇ ತುಂಬಿಸಿ ಇಟ್ಟಿದ್ದೇನೆ. ರಾತ್ರಿ ಪಂಕ್ಚರ್ ಆದರೆ ನಿಧಾನಕ್ಕೆ ಉಪ್ಪಿನಂಗಡಿ ಮುಟ್ಟಲಿಕ್ಕೆ ಅಷ್ಟು ಸಾಕು.