ಎಲ್ಲರ ಪರ ಮಾತಾಡುವವಳ ಪರ ಯಾರು?



ಕೂಲಿ ಬಾಕಿ, ಬೋನಸ್ ಕಡಿತ, ಕಾರಣ ಹೇಳದೆ ಕೆಲಸದಿಂದ ತೆಗೆಯುವುದು. ಇಂಥ ತಕರಾರು ಬಂದಾಗ ನಾವು ಏನು ಮಾಡುತ್ತೇವೆ? ನಮ್ಮೊಳಗೆ ಸ್ವಲ್ಪ ಧೈರ್ಯ ಇರುವವಳನ್ನು ನೋಡಿ, "ನೀನೇ ಹೋಗಿ ಮಾತಾಡು, ನಾವೆಲ್ಲ ನಿನ್ನ ಹಿಂದಿದ್ದೇವೆ" ಅನ್ನುತ್ತೇವೆ. ಬೀಡಿ ಬ್ರಾಂಚಿರಲಿ, ಗಾರ್ಮೆಂಟ್ಸ್ ಇರಲಿ, ಗೇರುಬೀಜದ ಕಾರ್ಖಾನೆ ಇರಲಿ, ನಡೆಯುವುದು ಹೀಗೆಯೇ. ಮುಂದೆ ಹೋದವಳ ಮೇಲೆ ಎಷ್ಟು ಭಾರ ಬೀಳುತ್ತದೆ, ಅದನ್ನು ನಾವು ಹೇಗೆ ಹಂಚಿಕೊಳ್ಳಬಹುದು ಎಂಬುದೇ ಈ ಪಾಠದ ವಿಷಯ.

ಅಣ್ಣ ತಮ್ಮಂದಿರನ್ನೂ ಎದುರಿಸಬೇಕಾಗುತ್ತದೆ

1918ರಲ್ಲಿ ಗುಜರಾತಿನ ಅಹಮದಾಬಾದಿನಲ್ಲಿ ಬಟ್ಟೆ ಗಿರಣಿಗಳ ನೇಕಾರರಿಗೂ ಮಾಲೀಕರಿಗೂ ದೊಡ್ಡ ವಿವಾದ ನಡೆಯಿತು. ಪ್ಲೇಗ್ ಕಾಲದಲ್ಲಿ ಕೊಡುತ್ತಿದ್ದ ಬೋನಸ್ ನಿಲ್ಲಿಸಿದ್ದೇ ಅದಕ್ಕೆ ಕಾರಣ. ನೇಕಾರರ ಪರ ನಿಂತವರು ಅನಸೂಯಾ ಸಾರಾಭಾಯಿ. ಮಾಲೀಕರ ಕಡೆಯ ಮುಖಂಡರು ಅವರ ಸ್ವಂತ ತಮ್ಮ ಅಂಬಾಲಾಲ್. ಗಾಂಧೀಜಿಯವರು ವಿಚಾರಿಸಿ, ಕೂಲಿ ಶೇ. 35 ಹೆಚ್ಚಾಗಬೇಕು ಎಂದರು. ಮಾಲೀಕರು ಶೇ. 20ಕ್ಕಿಂತ ಹೆಚ್ಚು ಕೊಡಲು ಒಪ್ಪದೆ ಫೆಬ್ರವರಿ 22ರಂದು ಗಿರಣಿಗೆ ಬೀಗ ಹಾಕಿದರು.

ಮೂರು ವಾರ ಕಳೆಯುವಷ್ಟರಲ್ಲಿ ಕೆಲಸಗಾರರ ಮನೆಯಲ್ಲಿ ಹಸಿವು ಶುರುವಾಯಿತು. ಆಗ ಅವರ ನಡುವೆಯೇ ಗುಸುಗುಸು ಎದ್ದಿತು: ಅನಸೂಯಾಬೆನ್, ಗಾಂಧೀಜಿ ಕಾರಿನಲ್ಲಿ ಬಂದು ಹೋಗುತ್ತಾರೆ, ಚೆನ್ನಾಗಿ ಉಣ್ಣುತ್ತಾರೆ, ಸಾಯುವವರು ನಾವು! ಈ ಮಾತು ಕಿವಿಗೆ ಬಿದ್ದ ಮೇಲೆ ಮಾರ್ಚ್ 15ರಂದು ಗಾಂಧೀಜಿ ಉಪವಾಸ ಕುಳಿತರು. 18ರಂದು ರಾಜಿಯಾಯಿತು. ಮಧ್ಯಸ್ಥರ ತೀರ್ಪು ಆಗಸ್ಟಿನಲ್ಲಿ ಬಂತು: ಶೇ. 35.

ತಮ್ಮನ ವಿರುದ್ಧ ನಿಂತ ಆ ಅಕ್ಕನಿಗೆ ಕೆಲಸಗಾರರ ಸಂಶಯವೂ ಪಾಲಿಗೆ ಬಂತು. ಆದರೂ ಅವರು ಬಿಟ್ಟು ಹೋಗಲಿಲ್ಲ. 1920ರಲ್ಲಿ ಆರಂಭವಾದ 'ಮಜೂರ್ ಮಹಾಜನ್' ಕಾರ್ಮಿಕ ಸಂಘದ ಜೊತೆಗೂ ಇದ್ದರು.

ಕಣ್ಣಿಗೆ ಕಾಣದ ಭಾರ

ನಮ್ಮ ಊರಿನಲ್ಲಿ ಮುಂದೆ ನಿಲ್ಲುವ ಅಕ್ಕನಿಗೂ ಇದೇ ಕಷ್ಟ. ಲೇಬರ್ ಆಫೀಸಿಗೆ ಹೋದ ದಿನ ಅವಳ ಕೂಲಿ ಹೋಗುತ್ತದೆ. ಬಸ್ ಚಾರ್ಜು ಅವಳದೇ. ಮನೆಯಲ್ಲಿ "ಇದೆಲ್ಲ ನಿನಗೇಕೆ ಬೇಕಿತ್ತು?" ಎಂಬ ಮಾತು. ಮೇಸ್ತ್ರಿಯ ಕಣ್ಣು ಅವಳ ಮೇಲೇ. ರಾತ್ರಿ ನಿದ್ದೆ ಇಲ್ಲ, ಮಕ್ಕಳ ಮೇಲೆ ಸಿಡುಕು. ಕೇಳಿದ್ದಕ್ಕಿಂತ ಕಡಿಮೆಗೆ ರಾಜಿಯಾದರೆ "ಅವಳೇ ದುಡ್ಡು ತಿಂದಿರಬೇಕು" ಅನ್ನುವವರು ನಾವೇ! ಎದುರು ಪಕ್ಷದವರ ಬೆದರಿಕೆಗಿಂತ ಈ ಮಾತು ಹೆಚ್ಚು ನೋಯಿಸುತ್ತದೆ.

ಕಾನೂನಿನ ಬೆಂಬಲ ಸ್ವಲ್ಪ ಇದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, 20 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕು. ಅದರಲ್ಲಿ ಮಾಲೀಕರ ಮತ್ತು ಕೆಲಸಗಾರರ ಸದಸ್ಯರು ಸಮಸಂಖ್ಯೆಯಲ್ಲಿರಬೇಕು, ಮಹಿಳೆಯರಿಗೂ ಸ್ಥಾನ ಕೊಡಬೇಕು. ವಿವಾದ ಸಂಧಾನಾಧಿಕಾರಿಯ ಮುಂದಿರುವಾಗ, ಆ ವಿವಾದಕ್ಕೆ ಸಂಬಂಧಿಸಿದ ತಪ್ಪು ಹೊರಿಸಿ ಕೆಲಸಗಾರಳನ್ನು ವಜಾ ಮಾಡಲು ಅಧಿಕಾರಿಯ ಲಿಖಿತ ಅನುಮತಿ ಬೇಕು. ಆದರೆ ಹೋದ ನಿದ್ದೆಯನ್ನು, ಕೆಟ್ಟ ಹೆಸರನ್ನು ಯಾವ ಅಧಿಕಾರಿಯೂ ಸರಿಮಾಡಲಾರ. ಅದು ಸಂಘದ ಕೆಲಸ.

ಹತ್ತು ರೂಪಾಯಿಯ ಬಲ

ಮಜೂರ್ ಮಹಾಜನ್‌ನಲ್ಲಿ ವಕೀಲೆಯಾಗಿ ದುಡಿದ ಇಳಾ ಭಟ್ 1972ರಲ್ಲಿ ಬಡ ದುಡಿಯುವ ಹೆಂಗಸರಿಗಾಗಿ 'ಸೇವಾ' ಸಂಘ ಕಟ್ಟಿದರು. 1974ರಲ್ಲಿ ನಾಲ್ಕು ಸಾವಿರ ಸದಸ್ಯೆಯರು ತಲಾ ಹತ್ತು ರೂಪಾಯಿ ಹಾಕಿ ತಮ್ಮದೇ ಬ್ಯಾಂಕ್ ಆರಂಭಿಸಿದರು. 1981ರ ಮೀಸಲಾತಿ ವಿರೋಧಿ ಗಲಭೆಯ ಕಾಲದಲ್ಲಿ ಇಳಾ ಭಟ್ ದಲಿತರ ಪರ ಮಾತಾಡಿದರು. ಆ ವರ್ಷವೇ ಮಜೂರ್ ಮಹಾಜನ್ 'ಸೇವಾ'ವನ್ನು ಹೊರಹಾಕಿತು. ಆದರೂ 'ಸೇವಾ' ಮುಳುಗಲಿಲ್ಲ. ಅದರ ಬೇರು ಸದಸ್ಯೆಯರಲ್ಲಿ ಇತ್ತು.

ನಮ್ಮ ಸಂಘದಲ್ಲಿ ಏನು ಮಾಡಬಹುದು?

1. ಮಾತುಕತೆಗೆ ಒಬ್ಬಳನ್ನೇ ಕಳಿಸಬಾರದು. ಕನಿಷ್ಠ ಇಬ್ಬರು ಹೋಗಬೇಕು, ಸರದಿಯಂತೆ ಬದಲಾಗಬೇಕು.
2. ಅವಳ ಬಸ್ ಚಾರ್ಜು, ಹೋದ ಕೂಲಿ ಎಲ್ಲರೂ ಸೇರಿ ತುಂಬಿಕೊಡಬೇಕು. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಯಬೇಕು.
3. ಎಷ್ಟಕ್ಕೆ ರಾಜಿ ಆಗಬಹುದು ಎಂದು ಮೊದಲೇ ಸಭೆಯಲ್ಲಿ ತೀರ್ಮಾನಿಸಿ ಎಲ್ಲರೂ ಸಹಿ ಹಾಕಬೇಕು. ಆಗ ಆಮೇಲೆ ದೂರಲು ಜಾಗವಿರುವುದಿಲ್ಲ.
4. ಸಂಶಯ ಬಂದರೆ ಸಭೆಯಲ್ಲೇ ಕೇಳಬೇಕು, ನಲ್ಲಿಯ ಹತ್ತಿರ ಅಲ್ಲ.
5. ವಿವಾದ ನಡೆಯುವಷ್ಟು ದಿನ ಒಬ್ಬರು ಅವಳ ಮನೆಗೆ ಹೋಗಿ "ಊಟ ಆಯ್ತಾ, ನಿದ್ದೆ ಬರುತ್ತಾ?" ಎಂದು ವಿಚಾರಿಸಬೇಕು. ಸಾಕಾಯಿತು ಎಂದರೆ ಬಿಡುವು ಕೊಡಬೇಕು.

ಚರ್ಚೆಗೆ

ನಮ್ಮ ಸಂಘದಲ್ಲಿ ಎಲ್ಲರ ಪರ ಮಾತಾಡುವವರು ಯಾರು? ಕಳೆದ ಸಲ ಅವರು ಹೋಗಿ ಬಂದಾಗ ಖರ್ಚು ಯಾರು ಕೊಟ್ಟರು? ಮೇಲಿನ ಐದರಲ್ಲಿ ಯಾವುದನ್ನು ಈ ವಾರದಿಂದಲೇ ಶುರುಮಾಡೋಣ?