ಗೋಧಿಯೊಲ್ಲದ ದೇಹಕ್ಕೆ ಹಬ್ಬದ ತಿನಿಸು

ಅನ್ನವು ಪ್ರಾಣಾಧಾರವೆಂಬುದು ಸರ್ವವಿದಿತ. ಆದರೆ ಉಂಡ ಅನ್ನವೇ ಮೈಗೆ ವೈರಿಯಾಗುವ ಸಂದರ್ಭವೂ ಉಂಟು. ಗೋಧಿ, ಜವೆಗೋಧಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲೂಟೆನ್ ಎಂಬ ಸಸಾರಜನಕವು ಸೀಲಿಯಾಕ್ ರೋಗವುಳ್ಳವರ ಸಣ್ಣ ಕರುಳಿನ ಒಳಪದರವನ್ನು ಕೆಡಿಸುತ್ತದೆ. ಮಗು ಹೊಟ್ಟೆತುಂಬ ಉಂಡರೂ ಸೊರಗುತ್ತದೆ. ಗೋಧಿಗೂ ಈ ರೋಗಕ್ಕೂ ಇರುವ ಸಂಬಂಧವನ್ನು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ ಅವರು 1950ರ ತಮ್ಮ ಪ್ರಬಂಧದಲ್ಲಿ ಪ್ರತಿಪಾದಿಸಿದರು. ಆಜೀವ ಪಥ್ಯವೇ ಇದಕ್ಕೆ ಚಿಕಿತ್ಸೆ.

ಕಣಕಕ್ಕೆ ಜಿಗುಟನ್ನೂ ಬ್ರೆಡ್ಡಿಗೆ ಉಬ್ಬನ್ನೂ ಕೊಡುವುದು ಗ್ಲೂಟೆನ್ನೇ. ಅದಿಲ್ಲದ ಹಿಟ್ಟಿನ ಕೇಕು ಬಿರಿದು ಪುಡಿಯಾಗುತ್ತದೆ. ಆದುದರಿಂದ ಅಕ್ಕಿ, ಜೋಳಗಳ ಹಿಟ್ಟಿಗೆ ನೆನೆಸಿದ ಇಸಬ್‌ಗೋಲಿನ ಹೊಟ್ಟನ್ನು ಬೆರೆಸುವ ರೂಢಿಯಿದೆ. ಉತ್ತರ ಕರ್ನಾಟಕದ ತಾಯಂದಿರು ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದುವುದರಲ್ಲಿಯೂ ಇಂಥದೇ ಜಾಣ್ಮೆಯಿದೆ: ಬಿಸಿಗೆ ಪಿಷ್ಟವು ಅಂಟಾಗಿ ಹಿಟ್ಟನ್ನು ಹಿಡಿದಿಡುತ್ತದೆ.

ಸಂತೋಷಕೂಟಗಳಿಗೆ ಎಳ್ಳುಂಡೆ, ಶೇಂಗಾ ಉಂಡೆ, ರಾಗಿ ಉಂಡೆ, ಅಕ್ಕಿ-ಉದ್ದಿನ ಚಕ್ಕುಲಿ ಸಾಲವೇ? ಆದರೂ ಎಚ್ಚರ ಬೇಕು. ಅಂಗಡಿಯ ಪುಡಿ ಇಂಗಿನಲ್ಲಿ ಗೋಧಿಹಿಟ್ಟು ಬೆರೆತಿರುವುದುಂಟು. ಗೋಧಿ ಬೀಸಿದ ಗಿರಣಿಯಲ್ಲಿಯೇ ಬೀಸಿದ ಹಿಟ್ಟು, ಪೂರಿ ಕರಿದ ಎಣ್ಣೆ ಇವೂ ವರ್ಜ್ಯ. ಗ್ಲೂಟೆನ್‌ರಹಿತವೆಂದು ಮಾರುವ ಆಹಾರದಲ್ಲಿ ಅದರ ಪ್ರಮಾಣವು ಕಿಲೋಗ್ರಾಮಿಗೆ 20 ಮಿಲಿಗ್ರಾಮನ್ನು ಮೀರಕೂಡದೆಂಬುದು ಭಾರತದ ನಿಯಮ.

ಪಂಕ್ತಿಯಲ್ಲಿ ಎಲ್ಲರೂ ಉಣ್ಣುತ್ತಿರುವಾಗ ಒಂದು ಮಗು ಬರಿಯ ಎಲೆಯ ಮುಂದೆ ಕುಳಿತಿರುವುದು ಆತಿಥ್ಯಕ್ಕೆ ಕುಂದು. ಮೊದಲೇ ವಿಚಾರಿಸಿ, ಶುಚಿಯಾದ ಬೇರೆ ಪಾತ್ರೆಯಲ್ಲಿ ಕಟ್ಟಿದ ಉಂಡೆಯನ್ನೇ ಸರ್ವರಿಗೂ ಬಡಿಸಿದರೆ ಪಥ್ಯವೂ ಉಳಿಯುತ್ತದೆ, ಪಂಕ್ತಿಭೇದವೂ ಅಳಿಯುತ್ತದೆ.