ಅಲಂಕಾರಿಕ ಮೀನಿಗೆ ಮನೆಯಲ್ಲೇ ಫ್ರೀಜರ್ ಆಹಾರ

ತೋಟದ ಕೆಲಸದ ಜೊತೆಗೆ ನಾಲ್ಕಾರು ಸಿಮೆಂಟ್ ತೊಟ್ಟಿ ಕಟ್ಟಿಕೊಂಡು ಬಣ್ಣದ ಮೀನು ಸಾಕುವವರಲ್ಲಿ ನಾನೂ ಒಬ್ಬ. ಅಡಿಕೆ ತೋಟದ ಬದಿಯಲ್ಲೇ ನನ್ನ ತೊಟ್ಟಿಗಳು. ಗೋಲ್ಡ್ ಫಿಶ್, ಮಾಲಿ, ಗಪ್ಪಿ, ಏಂಜೆಲ್ ಇವೆ. ಒಣ ಕಾಳಿನ ಜೊತೆಗೆ ಮನೆಯಲ್ಲೇ ತಯಾರಿಸಿ ಫ್ರೀಜರಿನಲ್ಲಿಟ್ಟ ಹಸಿ ಆಹಾರವನ್ನೂ ಕೊಡುತ್ತೇನೆ. "ಅದನ್ನು ಮಾಡೋದು ಹೇಗೆ, ನೀರು ಹಾಳಾಗೋದಿಲ್ವಾ?" ಅಂತ ಕೇಳುವವರು ಹಲವರು. ಎರಡನೆಯ ಪ್ರಶ್ನೆಯೇ ಮುಖ್ಯ. ಮೊದಲು ಅದನ್ನೇ ನೋಡೋಣ.

ನೀರು ಕೆಡುವುದು ಯಾಕೆ?

ದನಕ್ಕೆ ಹಾಕಿದ ಹುಲ್ಲು ಉಳಿದರೆ ಹಟ್ಟಿಯಿಂದ ಗುಡಿಸಿ ಹೊರಹಾಕಬಹುದು. ಮೀನು ತಿನ್ನದೆ ಬಿಟ್ಟದ್ದು ಅದು ಉಸಿರಾಡುವ ನೀರಿನಲ್ಲೇ ಕೊಳೆಯುತ್ತದೆ. ಕೊಳೆತ ಪ್ರೋಟೀನಿನಿಂದ ಅಮೋನಿಯಾ ಹುಟ್ಟುತ್ತದೆ. ಮೀನು ತಿಂದು ಜೀರ್ಣಿಸಿಕೊಂಡದ್ದರಿಂದಲೂ ಕಿವಿರಿನ ಮೂಲಕ ಅಮೋನಿಯಾವೇ ಹೊರಬರುತ್ತದೆ. ನೀರು ಬಿಸಿಯಾದಷ್ಟೂ, ಕ್ಷಾರ ಹೆಚ್ಚಿದಷ್ಟೂ ಇದರ ವಿಷ ಜಾಸ್ತಿ. ಏಪ್ರಿಲ್-ಮೇ ಸೆಕೆಯಲ್ಲಿ ಒಂದೇ ರಾತ್ರಿ ತೊಟ್ಟಿ ಪೂರ್ತಿ ಮರಿಗಳು ಸಾಯಬಹುದು. ಮೂರು ತಿಂಗಳ ದುಡಿಮೆ ಹೋದಂತೆ.

ಹಾಗಾಗಿ ಒಳ್ಳೆ ಆಹಾರ ಅಂದರೆ ಪುಷ್ಟಿ ಇದ್ದರಷ್ಟೇ ಸಾಲದು. ಮೀನಿನ ಬಾಯಿಗೆ ಸೇರುವವರೆಗೆ ನೀರಿನಲ್ಲಿ ಕರಗದೆ ಇರಬೇಕು. ರುಬ್ಬಿದ್ದನ್ನು ಹಾಗೆಯೇ ಫ್ರೀಜರಿಗಿಟ್ಟರೆ ಈ ಗುಣ ಬರುವುದಿಲ್ಲ. ಅಂಟು ಬೇಕೇ ಬೇಕು.

ಏನು ಹಾಕಬೇಕು?

ಗೋಲ್ಡ್ ಫಿಶ್, ಮಾಲಿ, ಗಪ್ಪಿಯಂಥ ಮಿಶ್ರಾಹಾರಿಗಳಿಗೆ ನಾನು ಹಾಕುವ ಲೆಕ್ಕ:

- ಸಿಗಡಿ 300 ಗ್ರಾಂ
- ಎಣ್ಣೆ ಕಡಿಮೆಯಿರುವ ಮೀನು (ನಂಗ್ ಆಗಬಹುದು) 200 ಗ್ರಾಂ
- ಸಿಪ್ಪೆ ತೆಗೆದ ಹಸಿ ಬಟಾಣಿ 200 ಗ್ರಾಂ
- ಪಾಲಕ್, ಹರಿವೆ ಅಥವಾ ನುಗ್ಗೆ ಸೊಪ್ಪು 150 ಗ್ರಾಂ
- ಕ್ಯಾರೆಟ್ 100 ಗ್ರಾಂ
- ಸ್ಪಿರುಲಿನಾ ಪುಡಿ 2 ಚಮಚ (ಸಿಕ್ಕಿದರೆ)
- ಜೆಲಟಿನ್ 40 ಗ್ರಾಂ, ನೀರು 200 ಮಿ.ಲೀ.

ಏಂಜೆಲ್, ಫೈಟರ್ ಮೀನುಗಳಿಗೆ ಸಿಗಡಿ-ಮೀನು ಸೇರಿ 700 ಗ್ರಾಂ, ತರಕಾರಿ-ಸೊಪ್ಪು 250 ಗ್ರಾಂ ಸಾಕು.

ಸಿಗಡಿಯ ಎಳೆ ಸಿಪ್ಪೆಯನ್ನು ಪೂರ್ತಿ ಎಸೆಯಬೇಡಿ. ಸ್ವಲ್ಪ ನುಣ್ಣಗೆ ರುಬ್ಬಿ ಸೇರಿಸಿ. ಮೀನು ತನ್ನ ಮೈಯ ಕೆಂಪು-ಹಳದಿ ಬಣ್ಣದ ಮೂಲವಸ್ತುವನ್ನು ತಾನೇ ತಯಾರಿಸಲಾರದು, ಆಹಾರದಿಂದಲೇ ಪಡೆಯಬೇಕು. ಸಿಗಡಿ ಸಿಪ್ಪೆ, ಕ್ಯಾರೆಟ್, ಸ್ಪಿರುಲಿನಾಗಳಲ್ಲಿ ಅದು ಇದೆ. ಬಣ್ಣ ಇದ್ದರೆ ತಾನೇ ಗಿರಾಕಿ ನಿಲ್ಲುವುದು?

ಏನು ಬೇಡ?

ಬೂತಾಯಿ ಅಗ್ಗ ಅಂತ ತರಬೇಡಿ. ಅದರ ಎಣ್ಣೆ ನೀರಿನ ಮೇಲೆ ಪೊರೆ ಕಟ್ಟುತ್ತದೆ. ಫ್ರೀಜರಿನಲ್ಲೂ ಆ ಎಣ್ಣೆ ಕಮಟಾಗುತ್ತದೆ. ಕೋಳಿ, ಕುರಿ ಮಾಂಸವೂ ಬೇಡ. ಅವುಗಳ ಕೊಬ್ಬು ತಣ್ಣನೆ ಮೈಯ ಮೀನಿಗೆ ಸರಿಯಾಗಿ ಜೀರ್ಣವಾಗದು, ಪಿತ್ತಜನಕಾಂಗದಲ್ಲಿ ಸೇರಿಕೊಳ್ಳುತ್ತದೆ. ಉಪ್ಪು, ಎಣ್ಣೆ, ಮಸಾಲೆ ಏನೂ ಬೇಡ.

ಅಡಿಕೆ ಬೆಳೆಗಾರರು ಒಂದು ಮಾತು ಖಂಡಿತ ನೆನಪಿಡಬೇಕು. ಬೋರ್ಡೋ ಸಿಂಪಡಿಸಿದ ತೋಟದ ಅಡಿಯಿಂದ ಸೊಪ್ಪು ಕೊಯ್ದು ತರಬಾರದು. ಮೈಲುತುತ್ತದಲ್ಲಿರುವ ತಾಮ್ರ ಮೀನಿಗೆ ತೀರಾ ಸ್ವಲ್ಪ ಪ್ರಮಾಣದಲ್ಲೂ ವಿಷ. ಸೊಪ್ಪಿಗೆ ಅಂಗಳದ ಬದಿಯಲ್ಲಿ ಬೇರೆಯೇ ಮಡಿ ಮಾಡಿಕೊಳ್ಳಿ. ಸಿಂಪಡಣೆಯ ದಿನ ತೊಟ್ಟಿಗಳನ್ನೂ ಮುಚ್ಚಿಡಿ.

ತಯಾರಿಸುವ ಕ್ರಮ

ಸಿಗಡಿ, ಮೀನನ್ನು ಚೆನ್ನಾಗಿ ತೊಳೆದು, ಮುಳ್ಳು ತೆಗೆದು, ಹಬೆಯಲ್ಲಿ ಹದವಾಗಿ ಬೇಯಿಸಿ. ಕೆಲವು ಜಾತಿಯ ಹಸಿ ಮೀನು, ಚಿಪ್ಪಿನ ಮಾಂಸದಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವ ಇರುತ್ತದೆ. ಬೇಯಿಸಿದರೆ ಅದು ಹೋಗುತ್ತದೆ, ರೋಗಾಣುವೂ ಸಾಯುತ್ತದೆ. ಫ್ರೀಜರಿಗೆ ಇಟ್ಟರೆ ರೋಗಾಣು ಸಾಯುತ್ತದೆ ಅನ್ನುವ ನಂಬಿಕೆ ಸರಿಯಲ್ಲ. ಹೆಚ್ಚಿನವು ಸುಮ್ಮನೆ ಮಲಗಿರುತ್ತವೆ, ಅಷ್ಟೇ. ಬಟಾಣಿ, ಕ್ಯಾರೆಟನ್ನು ಮೆತ್ತಗೆ ಬೇಯಿಸಿ. ಸೊಪ್ಪನ್ನು ಕುದಿಯುವ ನೀರಿಗೆ ಒಂದೆರಡು ನಿಮಿಷ ಹಾಕಿ ತೆಗೆದರೆ ಸಾಕು.

ಎಲ್ಲವನ್ನೂ ಬೇರೆ ಬೇರೆಯಾಗಿ ಮಿಕ್ಸಿಯಲ್ಲಿ ರುಬ್ಬಿ ಕಲಸಿ. ಮರಿಗಳಿಗಾದರೆ ಚಟ್ನಿಗಿಂತ ನುಣ್ಣಗೆ, ದೊಡ್ಡವಕ್ಕೆ ಸ್ವಲ್ಪ ತರಿ ಇರಲಿ.

ಈಗ ಜೆಲಟಿನ್. 200 ಮಿ.ಲೀ. ತಣ್ಣೀರಿನಲ್ಲಿ ಹತ್ತು ನಿಮಿಷ ನೆನೆಸಿ, ಪಾತ್ರೆಯನ್ನು ಬಿಸಿನೀರಿನ ಮೇಲಿಟ್ಟು ಕರಗಿಸಿ. ಕುದಿಸಿದರೆ ಅಂಟು ಕಮ್ಮಿಯಾಗುತ್ತದೆ. ಬೆರಳು ತಾಳುವಷ್ಟು ಬಿಸಿ ಇರುವಾಗ ಹಿಟ್ಟಿಗೆ ಸುರಿದು ಬೇಗ ಕಲಸಿ. ಹಿಟ್ಟು ಫ್ರಿಜ್ಜಿನಿಂದ ತೆಗೆದಷ್ಟು ತಣ್ಣಗಿದ್ದರೆ ಗಂಟುಗಂಟಾಗುತ್ತದೆ. ಹಸಿ ಪಪ್ಪಾಯಿ, ಅನಾನಸು ಸೇರಿಸಿದರೆ ಜೆಲಟಿನ್ ಕಟ್ಟುವುದೇ ಇಲ್ಲ.

ಜೆಲಟಿನ್ ಗಟ್ಟಿ 30 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಸಡಿಲವಾಗತೊಡಗುತ್ತದೆ. ಬೇಸಿಗೆಯಲ್ಲಿ ತೊಟ್ಟಿಯ ನೀರು ಅಷ್ಟು ಕಾಯುವಲ್ಲಿ ಚೈನಾ ಗ್ರಾಸ್ ಒಳ್ಳೆಯದು. ಇದು ಕಡಲಕಳೆಯಿಂದ ತೆಗೆದದ್ದು, ಕಟ್ಟಿದ ಮೇಲೆ ನೀರು ಬಿಸಿಯಾದರೂ ಕರಗದು. ಒಂದು ಕಿಲೋ ಹಿಟ್ಟಿಗೆ 10ರಿಂದ 15 ಗ್ರಾಂ ಸಾಕು. ಆದರೆ ಇದನ್ನು ಚೆನ್ನಾಗಿ ಕುದಿಸಿಯೇ ಕರಗಿಸಬೇಕು, ಬಿಸಿ ಇರುವಾಗಲೇ ಬೆರೆಸಬೇಕು. ಹಿಟ್ಟೂ ಉಗುರು ಬೆಚ್ಚಗಿರಲಿ.

ಫ್ರೀಜರಿಗೆ ಇಡುವ ಮೊದಲು ಪರೀಕ್ಷೆ ಮಾಡಿ. ಗಟ್ಟಿಯಾದ ಒಂದು ಚೂರನ್ನು ಲೋಟದಷ್ಟು ತೊಟ್ಟಿ ನೀರಿಗೆ ಹಾಕಿ ಹತ್ತು ನಿಮಿಷ ಬಿಡಿ. ನೀರು ತಿಳಿಯಾಗಿದ್ದರೆ ಸರಿ. ಕದಡಿದರೆ ಇನ್ನಷ್ಟು ಅಂಟು ಕರಗಿಸಿ ಬೆರೆಸಿ.

ಶೇಖರಣೆ

ಪ್ಲಾಸ್ಟಿಕ್ ತೊಟ್ಟೆಗೆ 100 ಗ್ರಾಂನಂತೆ ತುಂಬಿ, ಗಾಳಿ ಹೊರದೂಡಿ, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಚಪ್ಪಟೆ ಮಾಡಿ. ಚೂರಿಯ ಬೆನ್ನಿನಿಂದ ಹೊರಗಿನಿಂದಲೇ ಗೀರು ಒತ್ತಿದರೆ ಆಮೇಲೆ ಚಾಕಲೇಟಿನ ಹಾಗೆ ಮುರಿಯಬಹುದು. ದಪ್ಪ ಮುದ್ದೆ ನಿಧಾನವಾಗಿ ಹೆಪ್ಪುಗಟ್ಟುತ್ತದೆ. ಆಗ ದೊಡ್ಡ ದೊಡ್ಡ ಮಂಜಿನ ಹರಳು ಬೆಳೆದು ಒಳಗಿನ ಜೀವಕೋಶ ಒಡೆಯುತ್ತದೆ. ಕರಗುವಾಗ ರಸ ಸೋರಿ ನೀರು ಕೆಡುತ್ತದೆ. ತೆಳ್ಳಗೆ ಇಡುವುದು ಇದಕ್ಕೇ.

ತೊಟ್ಟೆಯ ಮೇಲೆ ತಾರೀಕು ಬರೆಯಿರಿ. ಮೈನಸ್ 18 ಡಿಗ್ರಿಯ ಫ್ರೀಜರಾದರೆ ಎರಡು-ಮೂರು ತಿಂಗಳು ಇಡಬಹುದು. ಸಾಮಾನ್ಯ ಫ್ರಿಜ್ಜಿನ ಮೇಲಿನ ಪೆಟ್ಟಿಗೆಯಲ್ಲಾದರೆ ಒಂದು ತಿಂಗಳಿಗೆ ಆಗುವಷ್ಟೇ ಮಾಡಿ.

ನಮ್ಮ ಹಳ್ಳಿಯ ಕರೆಂಟಿನ ಕಥೆ ಗೊತ್ತಿದ್ದದ್ದೇ. ಒಂದು ಸಣ್ಣ ಬಟ್ಟಲಿನಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೊಂದು ನಾಣ್ಯ ಇಡಿ. ನೀವು ಇಲ್ಲದಾಗ ಕರೆಂಟು ಹೋಗಿ ಮಂಜು ಕರಗಿದರೆ ನಾಣ್ಯ ಕೆಳಗಿಳಿದಿರುತ್ತದೆ. ತಳ ಸೇರಿದ್ದರೆ ಆ ಆಹಾರ ಮೀನಿಗೆ ಬೇಡ, ತೆಂಗಿನ ಬುಡಕ್ಕೆ ಹೂತುಬಿಡಿ. ಒಮ್ಮೆ ಕರಗಿದ್ದನ್ನು ಪುನಃ ಹೆಪ್ಪುಗಟ್ಟಿಸುವುದು ಸಲ್ಲ.

ಕೊಡುವಾಗ

ಬೇಕಾದಷ್ಟೇ ಮುರಿದು ಒಂದು ಲೋಟ ತೊಟ್ಟಿ ನೀರಿನಲ್ಲಿ ಹತ್ತು ನಿಮಿಷ ಇಡಿ. ಜಾಲರಿಯಲ್ಲಿ ಸೋಸಿ, ರಸವನ್ನು ಗಿಡಕ್ಕೆ ಚೆಲ್ಲಿ, ಚೂರನ್ನು ಮಾತ್ರ ಹಾಕಿ. ಮೂರು-ನಾಲ್ಕು ನಿಮಿಷದಲ್ಲಿ ಖಾಲಿಯಾಗುವಷ್ಟೇ ಇರಲಿ. ಗೋಲ್ಡ್ ಫಿಶ್‌ಗೆ ಜಠರವೇ ಇಲ್ಲ, ನೇರ ಕರುಳು. ಒಮ್ಮೆಗೇ ತುಂಬಾ ಹಾಕುವ ಬದಲು ಸ್ವಲ್ಪ ಸ್ವಲ್ಪ ಎರಡು-ಮೂರು ಸಲ ಹಾಕುವುದು ಒಳ್ಳೆಯದು. ಉಳಿದದ್ದನ್ನು ಆಗಲೇ ಪೈಪು ಬಿಟ್ಟು ಎಳೆದು ತೆಗೆಯಿರಿ. ನಾನು ವಾರಕ್ಕೆ ಮೂರು-ನಾಲ್ಕು ದಿನ ಇದನ್ನು, ಉಳಿದ ದಿನ ಒಣ ಕಾಳು ಕೊಡುತ್ತೇನೆ. ಬೆಳೆದ ಮೀನಿಗೆ ಒಂದು ದಿನ ಉಪವಾಸ. ಫ್ರೀಜರಿನಲ್ಲಿ ಸಿ ಜೀವಸತ್ವ ದಿನೇ ದಿನೇ ಕಡಿಮೆಯಾಗುವುದರಿಂದ ಇದೊಂದನ್ನೇ ನೆಚ್ಚಿಕೊಳ್ಳಬಾರದು.

ಮನೆಗೆ ಮೀನು ತರದವರು ಬಟಾಣಿ, ಸೊಪ್ಪು, ಕ್ಯಾರೆಟ್, ಸ್ಪಿರುಲಿನಾ, ಬೇಯಿಸಿದ ಸೋಯಾ ಸೇರಿಸಿ ಚೈನಾ ಗ್ರಾಸಿನಲ್ಲಿ ಕಟ್ಟಬಹುದು. ಗೋಲ್ಡ್ ಫಿಶ್, ಮಾಲಿಗೆ ಒಣ ಕಾಳಿನ ಜೊತೆ ಇದು ನಡೆಯುತ್ತದೆ. ಹಸಿ ಸೋಯಾ ಹಾಕಬೇಡಿ, ಜೀರ್ಣಕ್ಕೆ ಅಡ್ಡಿ. ಬೂಸ್ಟು ಬಂದ ಶೇಂಗಾ ಹಿಂಡಿಯಂತೂ ಬೇಡವೇ ಬೇಡ.

ಚಾವಡಿಯಲ್ಲಿ ಒಂದೇ ಗಾಜಿನ ತೊಟ್ಟಿ ಇರುವವರಿಗೆ ಇಷ್ಟೆಲ್ಲ ರಗಳೆ ಲಾಭದ್ದಲ್ಲ. ನಾಲ್ಕು ತೊಟ್ಟಿ ಮೇಲ್ಪಟ್ಟು ಇರುವವರು ತಮ್ಮ ಊರಿನ ಸಿಗಡಿ ದರ, ಕಾಳಿನ ದರ, ತಮ್ಮ ಅರ್ಧ ದಿನದ ಕೂಲಿ ಹಿಡಿದು ಲೆಕ್ಕ ಹಾಕಲಿ. ಮೊದಲ ಸಲ ಅರ್ಧ ಕಿಲೋ ಮಾಡಿ, ಒಂದೇ ತೊಟ್ಟಿಗೆ ಕೊಟ್ಟು, ಎರಡು ವಾರ ನೀರನ್ನೂ ಮೀನನ್ನೂ ಗಮನಿಸಿ. ಬೇರೆ ಸೊಪ್ಪು, ಬೇರೆ ಅಂಟು ಬಳಸಿ ನೋಡಿದವರಿದ್ದರೆ ಪತ್ರಿಕೆಗೆ ಬರೆಯಿರಿ.